ಫೇರ್ ಐಲ್ ದ್ವೀಪಕ್ಕ ಯಾವಾಗ ಹೋಗೋದು ಛಲೋ, ಜೂನಾ ಸೆಪ್ಟೆಂಬರಾ?

ಸಾಧನಕೇರಿ:

ಎಲ್ಲಾರಿಗೂ ನಮಸ್ಕಾರರೀ. ನಾನು ಧಾರವಾಡದಾಕಿ, ಎರಡು ವರ್ಷದಿಂದ ಸ್ಕಾಟ್‌ಲ್ಯಾಂಡಿನ ಅಬರ್ಡೀನ್‌ನ್ಯಾಗ ಅದೀನಿ. ಬರೂ ವರ್ಷ ನಮ್ಮ ಅಪ್ಪಾರು ಇಲ್ಲೆ ಮೂರು ತಿಂಗಳು ಇರಾಕ ಬರಾಕತ್ತಾರ. ಸಾಲಿ ಮಾಸ್ತರಾಗಿ ರಿಟೈರ್ ಆದವರು, ವಯಸ್ಸು 66. ದಿನಾ ಮುಂಜಾನೆ ಕೆಲಗೇರಿ ಕೆರಿಗೆ ಹೋಗಿ, ಯಾವ ಹಕ್ಕಿ ಯಾವ ತಾರೀಖಿಗೆ ಬಂತು ಅಂತ ಡೈರಿಯೊಳಗ ಬರೆದಿಡೋದು ಅವರ ರೂಢಿ. 22 ವರ್ಷದ ಡೈರಿ ಅದಾವು ಮನ್ಯಾಗ.

ಅವರಿಗೆ ಒಮ್ಮೆ ಪಫಿನ್ ಅನ್ನೋ ಕಡಲ ಹಕ್ಕಿ ತೋರಸಬೇಕು ಅಂತ ನನ್ನ ಆಸೆ. ಹುಡುಕೂಮುಂದ ಫೇರ್ ಐಲ್ ಅನ್ನೋ ದ್ವೀಪದ ಹೆಸರು ಮ್ಯಾಲಿಂದ ಮ್ಯಾಲೆ ಬಂತು. ಯಾರರೆ ಹೋಗಿ ಬಂದೀರೇನು? ಒಂದು ದಿನದಾಗ ನೋಡಿ ಬರಾಕ ಆಗತದೇನು? ಜೂನ್ ಛಲೋನೋ ಸೆಪ್ಟೆಂಬರ್ ಛಲೋನೋ? ನಾವು ಶಾಖಾಹಾರಿ, ಊಟದ ವ್ಯವಸ್ಥೆ ಹೆಂಗ? ಅಪ್ಪಾರಿಗೆ ಮೊಣಕಾಲು ಸ್ವಲ್ಪ ತ್ರಾಸ ಅದ, ಆದ್ರ ನಿಧಾನಕ ನಡೀತಾರ. ತಿಳಿದವರು ಹೇಳ್ರಿ.

ಗ್ಲಾಸ್ಗೋ ರಾಯ:

ಪಫಿನ್ ಮಾತ್ರ ನೋಡಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಅಬರ್ಡೀನ್‌ನಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳ ಲೆರ್ವಿಕ್ ಊರು. ಅಲ್ಲಿಂದ ಬಸ್ಸಿನಲ್ಲಿ ಸಂಬರಾ ಕಡೆಗೆ ಹೋಗಿ, ಲೈಟ್‌ಹೌಸಿನ ಗೋಡೆಗೆ ಒರಗಿ ನಿಂತರೆ ಕೆಲವೇ ಮಾರು ದೂರದಲ್ಲಿ ಪಫಿನ್ ಕೂತಿರುತ್ತವೆ. ನಾನು ಮೇ ಕೊನೆಯಲ್ಲಿ ಹೋಗಿ ಕಣ್ತುಂಬ ನೋಡಿ ಬಂದೆ. ಫೇರ್ ಐಲ್‌ಗೆ ಹೋದ ನನ್ನ ಸಹೋದ್ಯೋಗಿ ಮಂಜು ಮುಸುಕಿ ವಿಮಾನ ಹಾರದೆ ಮೂರು ದಿನ ಅಲ್ಲೇ ಉಳಿಯಬೇಕಾಯಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದನ್ನೂ ಯೋಚಿಸಿ.

ಹಿತ್ತಲಹಕ್ಕಿ:

ರಾಯರು ಹೇಳಿದ್ದು ಸರಿ. ಪಫಿನ್‌ಗೆ ಸಂಬರಾ ಸಾಕು. ಆದರೆ ನಿಮ್ಮ ಅಪ್ಪ ತಾರೀಖು ಬರೆದಿಡುವವರು ಅಂದಿರಲ್ಲ, ಆ ಒಂದು ಮಾತಿಗೆ ನಾನು ಇಷ್ಟುದ್ದ ಬರೆಯಲು ಕೂತೆ. ಅಂಥವರು ನೋಡಲೇಬೇಕಾದ ಜಾಗ ಅದು.

ನಾನು ಸಾಗರದ ಕಡೆಯವನು. ಲೆರ್ವಿಕ್‌ನಲ್ಲಿ ಕೆಲಸಕ್ಕೆ ಬಂದು ಆರು ವರ್ಷ. ಫೇರ್ ಐಲ್‌ಗೆ ನಾಲ್ಕು ಸಲ ಹೋಗಿದ್ದೇನೆ, ಎರಡು ಸಲ ಜೂನ್‌ನಲ್ಲಿ, ಎರಡು ಸಲ ಸೆಪ್ಟೆಂಬರ್ ಕೊನೆಗೆ.

ಮೊದಲು ದಾರಿ. ದ್ವೀಪ ಇರುವುದು ಶೆಟ್‌ಲ್ಯಾಂಡಿಗೂ ಆರ್ಕ್ನಿ ದ್ವೀಪಗಳಿಗೂ ನಡುವೆ, ಎರಡೂ ಕಡೆಯಿಂದ ಸುಮಾರು 40 ಕಿಲೋಮೀಟರ್. ಉದ್ದ ಐದು ಕಿಲೋಮೀಟರ್, ಅಗಲ ಅದರರ್ಧ. ಲೆರ್ವಿಕ್ ಹತ್ತಿರದ ಟಿಂಗ್ವಾಲ್‌ನಿಂದ ಏಳೆಂಟು ಜನ ಕೂರುವ ಸಣ್ಣ ವಿಮಾನ ಇದೆ, 25 ನಿಮಿಷ. ಹತ್ತುವ ಮೊದಲು ನಿಮ್ಮ ತೂಕ ಕೇಳುತ್ತಾರೆ, ಯಾರು ಎಲ್ಲಿ ಕೂರಬೇಕು ಅಂತ ಅದರ ಮೇಲೆ ನಿರ್ಧಾರ. ಇನ್ನೊಂದು ದಾರಿ ದೋಣಿ. ನಾನು ಹೋದದ್ದು 'ಗುಡ್ ಶೆಫರ್ಡ್' ಎಂಬ ದೋಣಿಯಲ್ಲಿ. ಹನ್ನೆರಡು ಜನರಿಗಷ್ಟೇ ಜಾಗ, ಎರಡೂವರೆ ಗಂಟೆ ಪ್ರಯಾಣ, ಅಲೆ ಜೋರಿದ್ದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ಮುಟ್ಟಿದ ಮೇಲೆ ದೋಣಿಯನ್ನು ನೀರಿನಲ್ಲಿ ಬಿಡುವುದಿಲ್ಲ. ತೊಟ್ಟಿಲಿನಂಥ ಬಂಡಿಯ ಮೇಲೆ ಹತ್ತಿಸಿ, ಉಕ್ಕಿನ ಹಗ್ಗದಲ್ಲಿ ದಡದ ಮೇಲಕ್ಕೆ ಎಳೆದು, ಬಂಡೆ ಕಡಿದು ಮಾಡಿದ ಸಂದಿನಲ್ಲಿ ನಿಲ್ಲಿಸುತ್ತಾರೆ. ರಾತ್ರಿ ಯಾವ ದಿಕ್ಕಿನಿಂದ ಬಿರುಗಾಳಿ ಬಂದರೂ ದೋಣಿ ಉಳಿಯಬೇಕು. ಅದು ಹೋದರೆ ಊರಿಗೆ ಹಾಲಿಲ್ಲ, ಅಂಚೆಯಿಲ್ಲ.

ಹಾಗಾಗಿ ಒಂದು ದಿನದಲ್ಲಿ ನೋಡಿ ಬರುವ ಯೋಚನೆ ಬಿಡಿ. ಕನಿಷ್ಠ ನಾಲ್ಕು ರಾತ್ರಿ. ವಾಪಸ್ ಬರಲು ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ಅಪ್ಪನ ಗುಳಿಗೆಗಳನ್ನು ಒಂದು ವಾರಕ್ಕೆ ಹೆಚ್ಚು ತನ್ನಿ. ಊರಲ್ಲಿ ನರ್ಸ್ ಒಬ್ಬರಿದ್ದಾರೆ, ಆಸ್ಪತ್ರೆ ಇಲ್ಲ.

ಜೂನ್ ಹೇಗಿರುತ್ತದೆ ಅಂದರೆ, ರಾತ್ರಿ ಹನ್ನೊಂದಕ್ಕೂ ಹೊರಗೆ ಕೂತು ಓದುವಷ್ಟು ಬೆಳಕು. ಪಫಿನ್ ಏಪ್ರಿಲ್‌ನಲ್ಲಿ ಬಂದು ಆಗಸ್ಟ್ ಮೊದಲ ವಾರದ ಹೊತ್ತಿಗೆ ಸಮುದ್ರಕ್ಕೆ ಹೋಗಿಬಿಡುತ್ತವೆ. ಇಲ್ಲಿಯವರು ಅದಕ್ಕೆ 'ಟ್ಯಾಮಿ ನೋರಿ' ಅನ್ನುತ್ತಾರೆ. ಹುಲ್ಲಿನ ಇಳಿಜಾರಿನಲ್ಲಿ ಬಿಲ ತೋಡಿ ಒಂದೇ ಮೊಟ್ಟೆ ಇಡುತ್ತದೆ. ನಾನು ಅಂಥ ಒಂದು ಬಿಲದಿಂದ ನಾಲ್ಕು ಮಾರು ದೂರ ಕೂತಿದ್ದೆ. ಹಕ್ಕಿ ಸಮುದ್ರದಿಂದ ಬಂದು ಇಳಿಯಿತು. ಕೊಕ್ಕಿನಲ್ಲಿ ಬೆಳ್ಳಿ ದಾರದ ಹಾಗೆ ಸಣ್ಣ ಮೀನು, ಏಳು ಎಣಿಸಿದೆ, ತಲೆ ಒಂದು ಕಡೆ ಬಾಲ ಇನ್ನೊಂದು ಕಡೆ ಜೋತಾಡುತ್ತಿದ್ದವು. ಎರಡು ಕ್ಷಣ ನನ್ನನ್ನೇ ನೋಡಿ ಒಳಗೆ ನುಗ್ಗಿತು. ಒಳಗಿನಿಂದ ಬಂದ ದನಿ ಹಳೇ ಮರದ ಬಾಗಿಲು ತೆರೆದ ಹಾಗಿತ್ತು.

ಆ ಸಣ್ಣ ಮೀನೇ ಎಲ್ಲದರ ಬುಡ. ಸ್ಯಾಂಡ್ ಈಲ್ ಅನ್ನುತ್ತಾರೆ. ಕಡಲು ಬಿಸಿಯಾಗುತ್ತ ಬಂದಂತೆ ಅದು ಸರಿಯಾದ ಹೊತ್ತಿಗೆ ಸರಿಯಾದ ಗಾತ್ರದಲ್ಲಿ ಸಿಗುತ್ತಿಲ್ಲ. ಫೇರ್ ಐಲ್‌ನ ಕಿಟ್ಟಿವೇಕ್ ಹಕ್ಕಿಗಳು ಎಂಬತ್ತರ ದಶಕದ ಕೊನೆಗೆ ಇದ್ದದ್ದರ ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ನಾನು ಉಳಿದ ಮನೆಯ ಅಜ್ಜಿ ಒಂದು ಸಂಜೆ ಕಿಟಕಿ ತೆರೆದಿಟ್ಟು, "ಕೇಳಿಸುತ್ತಾ?" ಅಂದರು. ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ. "ನಾನು ಹುಡುಗಿಯಾಗಿದ್ದಾಗ ಈ ಕಿಟಕಿ ತೆರೆದರೆ ಆ ಹಕ್ಕಿಗಳ ಗದ್ದಲಕ್ಕೆ ಮಾತು ನಿಲ್ಲಿಸಬೇಕಿತ್ತು" ಅಂದು ಕಿಟಕಿ ಹಾಕಿದರು. 2024ರಲ್ಲಿ ಸ್ಕಾಟ್‌ಲ್ಯಾಂಡ್ ತನ್ನ ಕಡಲಿನಲ್ಲಿ ಸ್ಯಾಂಡ್ ಈಲ್ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಅದು.

ಇನ್ನೊಂದು, ಬಾಂಕ್ಸಿ. ಗ್ರೇಟ್ ಸ್ಕುವಾ ಎಂಬ ದೊಡ್ಡ ಕಂದು ಹಕ್ಕಿ. ಮರಿ ಇರುವ ಕಡೆ ಕಾಲಿಟ್ಟರೆ ನೇರ ತಲೆಗೇ ಬರುತ್ತದೆ. ಕೋಲು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದರೆ ಕೋಲಿಗೆ ಬಡಿಯುತ್ತದೆ, ನಿಮಗಲ್ಲ. 2022ರ ಜೂನ್‌ನಲ್ಲಿ ಹೋದಾಗ ಅದೇ ಬಾಂಕ್ಸಿ ಕೆರೆಯಂಚಿನಲ್ಲಿ ರೆಕ್ಕೆ ಬಿಚ್ಚಿ ಸತ್ತು ಬಿದ್ದಿದ್ದವು. ಹಕ್ಕಿ ಜ್ವರದ ವರ್ಷ ಅದು. ಜಗತ್ತಿನ ಬಾಂಕ್ಸಿಗಳಲ್ಲಿ ಹೆಚ್ಚಿನ ಪಾಲು ಗೂಡು ಕಟ್ಟುವುದು ಸ್ಕಾಟ್‌ಲ್ಯಾಂಡಿನಲ್ಲೇ. ಆ ಹಕ್ಕಿಗೆ ಬೇರೆ ಊರು ಹೆಚ್ಚಿಲ್ಲ. ಎದ್ದು ನನ್ನ ತಲೆಗೆ ಹೊಡೆಯಲಿ ಅನ್ನಿಸಿತ್ತು ಅವತ್ತು.

ಸೆಪ್ಟೆಂಬರ್ ಬಗ್ಗೆ ರಾತ್ರಿ ಬರೆಯುತ್ತೇನೆ, ಡ್ಯೂಟಿಗೆ ಹೊತ್ತಾಯಿತು.

ಸಾಧನಕೇರಿ:

ಅಣ್ಣಾ, ಓದಿ ಕಣ್ಣಾಗ ನೀರು ಬಂತು. ಅಪ್ಪಾರಿಗೆ ಫೋನಿನ್ಯಾಗ ಓದಿ ಹೇಳಿದೆ. "ಏಳು ಮೀನ ಎಣಿಸ್ಯಾರ ನೋಡು" ಅಂತ ಭಾಳ ಖುಷಿಪಟ್ಟರು. ಊಟದ್ದು ಹೇಳಲಿಲ್ಲ ನೀವು. ಮತ್ತ ಅಲ್ಲೆ ಜನ ಎಷ್ಟ ಅದಾರ, ಏನ್ ಮಾಡ್ತಾರ ಅಂತ ಅಪ್ಪಾರು ಕೇಳಾಕತ್ತಾರ.

ಹಿತ್ತಲಹಕ್ಕಿ:

ಊಟ: ಉಳಿಯುವ ಕಡೆ ಮೊದಲೇ ಹೇಳಿದರೆ ಶಾಖಾಹಾರ ಮಾಡಿಕೊಡುತ್ತಾರೆ. ಆಲೂಗಡ್ಡೆ, ಸೂಪು, ಬ್ರೆಡ್ಡು, ಚೀಸು. ಊರಿಗೆ ಒಂದೇ ಅಂಗಡಿ. ನಾನು ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತೊಯ್ದಿದ್ದೆ. ಅಜ್ಜಿ ಉಪ್ಪಿನಕಾಯಿ ಮೂಸಿ ನೋಡಿ, ಬ್ರೆಡ್ಡಿಗೆ ಸವರಿ ತಿಂದು, ಮರುದಿನ ಕೇಳಿ ಹಾಕಿಸಿಕೊಂಡರು. ನೀವು ಶೇಂಗಾ ಚಟ್ನಿ, ರೊಟ್ಟಿ ತನ್ನಿ. ರೊಟ್ಟಿ ಕೆಡುವುದಿಲ್ಲ.

ಜನ: 2011ರ ಜನಗಣತಿಯಲ್ಲಿ 68 ಇದ್ದರು. ಈಗ ಐವತ್ತರ ಆಸುಪಾಸು. ಹತ್ತೊಂಬತ್ತನೇ ಶತಮಾನದಲ್ಲಿ ನಾನೂರರ ಹತ್ತಿರ ಇದ್ದರಂತೆ. ಭೂಮಿ ಸಾಲದೆ 1862ರಲ್ಲಿ ನೂರಕ್ಕೂ ಮೀರಿ ಜನ ಒಟ್ಟಿಗೇ ಕೆನಡಾಕ್ಕೆ ಹೊರಟುಹೋದರು. 1950ರ ಹೊತ್ತಿಗೆ ಊರು ಖಾಲಿ ಮಾಡುವ ಮಾತೂ ಬಂದಿತ್ತು. ಸ್ಕಾಟ್‌ಲ್ಯಾಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾದಲ್ಲಿ 1930ರಲ್ಲಿ ಹಾಗೇ ಆಗಿತ್ತು, ಉಳಿದಿದ್ದ 36 ಜನರೂ ಒಂದೇ ದಿನ ಹಡಗು ಹತ್ತಿದರು. ಫೇರ್ ಐಲ್ ಉಳಿದುಕೊಂಡಿತು. ಉಳಿಯಲು ಹಕ್ಕಿಗಳೂ ಒಂದು ಕಾರಣ.

ಆ ಕಥೆ ಅಪ್ಪನಿಗೆ ಹೇಳಿ. ಜಾರ್ಜ್ ವಾಟರ್‌ಸ್ಟನ್ ಅಂತ ಎಡಿನ್‌ಬರೋದವರು, ಎರಡನೇ ಮಹಾಯುದ್ಧದಲ್ಲಿ ಕ್ರೀಟ್‌ನಲ್ಲಿ ಸೆರೆಸಿಕ್ಕು ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿದ್ದರು. ಅಲ್ಲೇ ಗೆಳೆಯ ಇಯನ್ ಪಿಟ್ಮನ್ ಜೊತೆ ಕೂತು, ಯುದ್ಧ ಮುಗಿದ ಮೇಲೆ ಫೇರ್ ಐಲ್‌ನಲ್ಲಿ ಹಕ್ಕಿ ವೀಕ್ಷಣಾಲಯ ಕಟ್ಟುವ ಯೋಜನೆ ಮಾಡಿದರು. 1943ರಲ್ಲಿ ಕಾಯಿಲೆಯ ಕಾರಣ ಬಿಡುಗಡೆಯಾಗಿ ಹಡಗಿನಲ್ಲಿ ಬರುವಾಗ, ಸ್ವಂತ ನಾಡು ಅಂತ ಮೊದಲು ಕಣ್ಣಿಗೆ ಬಿದ್ದದ್ದು ಇದೇ ದ್ವೀಪ. ಮುಂದೆ ದ್ವೀಪವನ್ನೇ ಕೊಂಡರು. 1948ರಲ್ಲಿ ನೌಕಾಪಡೆ ಬಿಟ್ಟುಹೋದ ಮರದ ಗುಡಿಸಲುಗಳಲ್ಲಿ ವೀಕ್ಷಣಾಲಯ ಶುರುವಾಯಿತು. 1954ರಲ್ಲಿ ದ್ವೀಪವನ್ನು, ಇಂಥ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ಸ್ಕಾಟ್‌ಲ್ಯಾಂಡಿನ ನ್ಯಾಷನಲ್ ಟ್ರಸ್ಟಿಗೆ ವಹಿಸಿದರು. 2019ರ ಮಾರ್ಚ್‌ನಲ್ಲಿ ವೀಕ್ಷಣಾಲಯದ ಕಟ್ಟಡ ಬೆಂಕಿಗೆ ಸುಟ್ಟುಹೋಯಿತು. ಅವತ್ತು ಲೆರ್ವಿಕ್‌ನಲ್ಲೂ ಜನ ಸಾವಿನ ಮನೆಯವರ ಹಾಗೆ ಮಾತಾಡುತ್ತಿದ್ದರಂತೆ. ಈಗ ಹೊಸ ಕಟ್ಟಡ ಎದ್ದಿದೆ, ಕೋಣೆಗೆ ಅವರಿಗೇ ಬರೆದು ಕೇಳಿ, ಬೇಗ ತುಂಬುತ್ತದೆ.

ಏನು ಮಾಡುತ್ತಾರೆ ಅಂದರೆ, ಒಬ್ಬೊಬ್ಬರೂ ನಾಲ್ಕು ಕೆಲಸ. ಕುರಿ ಸಾಕುತ್ತಾರೆ, ಆ ಹೆಸರಾಂತ ಬಣ್ಣಬಣ್ಣದ ಪಟ್ಟೆಯ ಸ್ವೆಟರ್ ಹೆಣೆಯುತ್ತಾರೆ. ಬೆಳಗ್ಗೆ ದೋಣಿ ನಡೆಸಿದವರೇ ಮಧ್ಯಾಹ್ನ ವಿಮಾನ ಇಳಿಯುವಾಗ ಅಗ್ನಿಶಾಮಕದ ಅಂಗಿ ಹಾಕಿ ನಿಂತಿರುತ್ತಾರೆ. 2018ರವರೆಗೆ ರಾತ್ರಿ ಕರೆಂಟ್ ಇರಲಿಲ್ಲ. ಈಗ ಮೂರು ಗಾಳಿಯಂತ್ರ, ಸೌರಫಲಕ, ಬ್ಯಾಟರಿ ಸೇರಿ ದಿನವಿಡೀ ಇದೆ. ಹೈಸ್ಕೂಲಿಗೆ ಮಕ್ಕಳು ಲೆರ್ವಿಕ್ ಹಾಸ್ಟೆಲ್ಲಿಗೆ ಬರಬೇಕು, ಹನ್ನೊಂದು-ಹನ್ನೆರಡು ವಯಸ್ಸಿಗೇ. ಟಿಂಗ್ವಾಲ್‌ನಲ್ಲಿ ವಿಮಾನಕ್ಕೆ ಕಾಯುವಾಗ ಅಂಥ ಒಬ್ಬ ಹುಡುಗನ ಪಕ್ಕ ಕೂತಿದ್ದೆ. ಮಂಜು ಸರಿಯುತ್ತಾ ಅಂತ ಐದೈದು ನಿಮಿಷಕ್ಕೆ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದ.

ಈಗ ಸೆಪ್ಟೆಂಬರ್.

ಎರಡನೇ ಸಲ ಹೋದಾಗ ಮೂರು ದಿನ ಬಿಡದೆ ಮೂಡಗಾಳಿ, ಜೊತೆಗೆ ಜಿಟಿಜಿಟಿ ಮಳೆ. ಅಂಥ ಗಾಳಿಗೇ ಹಕ್ಕಿ ನೋಡುವವರು ಅಲ್ಲಿ ಕಾಯುತ್ತ ಇರುತ್ತಾರೆ. ರಷ್ಯಾ, ಸೈಬೀರಿಯಾದಿಂದ ದಕ್ಷಿಣಕ್ಕೆ ಹೊರಡುವ ಸಣ್ಣ ಹಕ್ಕಿಗಳಲ್ಲಿ ಕೆಲವು, ಹೆಚ್ಚಾಗಿ ಆ ವರ್ಷವೇ ಹುಟ್ಟಿದವು, ದಿಕ್ಕು ತಪ್ಪಿ ಪಶ್ಚಿಮಕ್ಕೆ ಬಂದುಬಿಡುತ್ತವೆ. ಕೆಳಗೆ ಬರೀ ಕಡಲು. ಕಂಡ ಮೊದಲ ನೆಲ ಈ ದ್ವೀಪ. ಮರವೇ ಇಲ್ಲದ ಊರದು, ಹಕ್ಕಿ ಕಲ್ಲುಗೋಡೆಯ ಸಂದಿಯಲ್ಲಿ, ಹಳ್ಳದಲ್ಲಿ, ಆಲೂಗಡ್ಡೆ ಸಾಲಿನಲ್ಲಿ ಕೂರುತ್ತದೆ.

ವೀಕ್ಷಣಾಲಯದವರು ಬೆಳಗ್ಗೆ ಬೆಳಗ್ಗೆ ಬಲೆಗಳನ್ನು ಸುತ್ತಿ ಬರುತ್ತಾರೆ. ಕೇಳಿಕೊಂಡು ಜೊತೆಗೆ ಹೋಗಿದ್ದೆ. ನಮ್ಮ ಕಡೆ ಗದ್ದೆ ಕಾಲುವೆಗೆ ಮೀನಿಗೆ ಇಡುವ ಕೂಣಿ ಇದೆಯಲ್ಲ, ಬಾಯಿ ಅಗಲ, ಹಿಂದೆ ಹೋಗುತ್ತ ಸಪೂರ, ಅದೇ ಆಕಾರ. ಮನೆಯಷ್ಟು ದೊಡ್ಡದು, ತಂತಿಬಲೆಯದ್ದು, ಒಳಗೆ ನಾಲ್ಕು ಗಿಡ. ಇಬ್ಬರು ಈ ಕಡೆಯಿಂದ ಮೆಲ್ಲಗೆ ನಡೆದರೆ ಹಕ್ಕಿ ಮುಂದೆ ಮುಂದೆ ಹೋಗಿ ಕೊನೆಯಲ್ಲಿರುವ ಪೆಟ್ಟಿಗೆ ಸೇರುತ್ತದೆ. ಕಾಲಿಗೆ ಉಂಗುರ ತೊಡಿಸಿ, ರೆಕ್ಕೆ ಅಳೆದು, ತೂಗಿ ಬಿಡುತ್ತಾರೆ.

ಅವತ್ತು ನಾವು ಕಲ್ಲುಗೋಡೆ ಪಕ್ಕ ಬರುವಾಗ ಒಂದು ಸದ್ದು ಕೇಳಿಸಿತು. "ಚಕ್." ಸ್ವಲ್ಪ ಬಿಟ್ಟು ಮತ್ತೆ "ಚಕ್."

ಯಾರಿಗೂ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆ ಸದ್ದಿನಲ್ಲೇ ನಾನು ಬೆಳೆದದ್ದು. ನಮ್ಮನೆ ಹಿತ್ತಿಲಲ್ಲಿ, ದಾಸವಾಳದ ಬೇಲಿಯೊಳಗೆ, ಗೌರಿ ಹಬ್ಬ ಕಳೆಯುತ್ತಲೂ ಶುರುವಾಗಿ ಬೇಸಿಗೆಯವರೆಗೆ ದಿನವಿಡೀ ಚಕ್ ಚಕ್ ಅನ್ನುವ ಮಣ್ಣುಬಣ್ಣದ ಹಕ್ಕಿ. ಕಣ್ಣಿಗೆ ಬೀಳುವುದೇ ಅಪರೂಪ. ಅಮ್ಮ ಅದಕ್ಕೆ 'ಬೇಲಿ ಚಕ್ಕ' ಅನ್ನುತ್ತಿದ್ದರು, ನಮ್ಮನೆಯಲ್ಲಷ್ಟೇ ಇದ್ದ ಹೆಸರು. ಪುಸ್ತಕದ ಹೆಸರು ಬ್ಲೈತ್ಸ್ ರೀಡ್ ವಾರ್ಬ್ಲರ್.

ಹತ್ತು ನಿಮಿಷದಲ್ಲಿ ಅದು ಪೆಟ್ಟಿಗೆಯಲ್ಲಿತ್ತು. ವಾರ್ಡನ್ ಎರಡು ಬೆರಳ ನಡುವೆ ಕುತ್ತಿಗೆ ಬರುವ ಹಾಗೆ ಹಿಡಿದು, ರೆಕ್ಕೆ ಬಿಚ್ಚಿ ಗರಿಗಳ ಅಂಚನ್ನು ಒಂದೊಂದಾಗಿ ನೋಡಿ ಹೌದು ಅಂದರು. ತೂಕ 11 ಗ್ರಾಂ ಚಿಲ್ಲರೆ. ನಮ್ಮಲ್ಲಿ ಎರಡು ಒಣ ಅಡಿಕೆ ಇದಕ್ಕಿಂತ ತೂಗುತ್ತವೆ. ಬಿಡುವ ಮೊದಲು ನನ್ನ ಅಂಗೈ ಮೇಲೆ ಇಟ್ಟರು. ಕಾಲು ಚುಚ್ಚಿದ್ದಕ್ಕಿಂತ ಅದರ ಬಿಸಿಯೇ ನನಗೆ ಹೆಚ್ಚು ತಿಳಿಯಿತು. ಎದೆ ಎಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಬಡಿತ ಅನ್ನಿಸಲಿಲ್ಲ, ನಡುಕ ಅನ್ನಿಸಿತು. ಆಮೇಲೆ ಹಾರಿ ಗೋಡೆಯ ಆಚೆ ಇಳಿಯಿತು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಬೇಲಿ ಚಕ್ಕ ಸಿಕ್ಕಿತು ಅಂದರೆ, "ಇಲ್ಲಿಯದ್ದು ಬಂದು ವಾರವಾಯಿತು, ಅದು ಅಲ್ಲಿಗೆ ಯಾಕೆ ಹೋಯಿತು, ಪಾಪ, ಅದಕ್ಕೆ ತಿನ್ನಲು ಏನಿದೆ ಅಲ್ಲಿ?" ಅಂದರು. ಉತ್ತರ ಹೇಳಲು ನನಗೆ ಬರಲಿಲ್ಲ. ಅಂಥ ಹಕ್ಕಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ ಅನ್ನುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸೆಪ್ಟೆಂಬರ್, ಕೊನೆಯ ಹತ್ತು ದಿನ. ಪಫಿನ್ ಇರುವುದಿಲ್ಲ ಆಗ. ಅದಕ್ಕೆ ಬೇಕಾದರೆ ಜುಲೈನಲ್ಲೇ ಸಂಬರಾಕ್ಕೆ ಹೋಗಿ ಬನ್ನಿ.

ಕುಕ್ಕರಹಳ್ಳಿ:

ಹಿತ್ತಲಹಕ್ಕಿಯವರು ಬರೆದದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಮೈಸೂರಿನಲ್ಲಿ ಹಕ್ಕಿ ನೋಡುವವನು, ಫೇರ್ ಐಲ್ ಕಂಡವನಲ್ಲ. ಆ ಹಕ್ಕಿಯ ಹೆಸರಿನ ಬ್ಲೈತ್ ಅಂದರೆ ಎಡ್ವರ್ಡ್ ಬ್ಲೈತ್, 1841ರಿಂದ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಂಡವರು. ಬಾಲ್ಟಿಕ್, ಫಿನ್‌ಲ್ಯಾಂಡ್, ರಷ್ಯಾದಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲ ಕಳೆಯುವುದು ಭಾರತ ಉಪಖಂಡದಲ್ಲೇ. ಅಂದರೆ ಫಿನ್‌ಲ್ಯಾಂಡಿನ ಹಕ್ಕಿಯೂ ಆಗ್ನೇಯಕ್ಕೇ ತಿರುಗಿ ಬರಬೇಕು. ಗ್ರೀನಿಶ್ ವಾರ್ಬ್ಲರ್, ರೋಸ್‌ಫಿಂಚ್ ಕೂಡ ಹಾಗೆಯೇ ನಮ್ಮಲ್ಲಿಗೂ ಬರುತ್ತವೆ, ಆ ದ್ವೀಪದಲ್ಲೂ ಕಾಣಿಸಿಕೊಳ್ಳುತ್ತವೆ.

ಒಂದು ಕೇಳಬೇಕಿತ್ತು, ಆ ದ್ವೀಪಕ್ಕೇ ಮೀಸಲಾದ ಒಂದು ರೆನ್ ಹಕ್ಕಿ ಇದೆಯಂತಲ್ಲ, ನೋಡಿದಿರಾ?

ಹಿತ್ತಲಹಕ್ಕಿ:

ನೋಡಿದೆ ಸರ್. 1951ರಲ್ಲಿ ವೀಕ್ಷಣಾಲಯದ ಮೊದಲ ನಿರ್ದೇಶಕ ಕೆನೆತ್ ವಿಲಿಯಮ್ಸನ್ ಅದನ್ನು ಬೇರೆ ಉಪಜಾತಿ ಎಂದು ಗುರುತಿಸಿದರು. ಬೇರೆಲ್ಲೂ ಇಲ್ಲ. ಹಾಡುವ ಗಂಡುಗಳನ್ನು ಪ್ರತಿವರ್ಷ ಎಣಿಸುತ್ತಾರೆ, ಇರುವುದು ಕೆಲವು ಡಜನ್ ಅಷ್ಟೇ. ಕಡಲು ಬಂಡೆಯೊಳಗೆ ಸೀಳಿ ಬಂದ ಇಕ್ಕಟ್ಟಿನ ಕಂದರಗಳಿಗೆ ಇಲ್ಲಿ 'ಗಿಯೋ' ಅನ್ನುತ್ತಾರೆ. ಅದರ ತಳದಲ್ಲಿ ಕೊಳೆತ ಕಡಲಪಾಚಿಯ ರಾಶಿ, ಆ ರಾಶಿಯ ಹುಳಹುಪ್ಪಟೆಯೇ ಅದರ ಊಟ. ಹೆಬ್ಬೆರಳು ಗಾತ್ರದ ಹಕ್ಕಿ ಅಲೆಯ ಮೊರೆತದ ಮೇಲೆ ಕೇಳಿಸುವ ಹಾಗೆ ಹಾಡುತ್ತಿತ್ತು. ದ್ವೀಪದ ಜನರ ಲೆಕ್ಕವೂ ಹಕ್ಕಿಯ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಅಜ್ಜಿಯ ಮನೆಯಲ್ಲಿ ಹೊಸ ಮಗು ಹುಟ್ಟಿದ ಸುದ್ದಿಯನ್ನೂ ಈ ವರ್ಷದ ರೆನ್ ಲೆಕ್ಕವನ್ನೂ ಒಂದೇ ಚಹಾದ ಹೊತ್ತಿನಲ್ಲಿ ಕೇಳಿದೆ.

ಸಾಧನಕೇರಿ:

ಅಣ್ಣಾ, ಸೆಪ್ಟೆಂಬರ್ 20ರಿಂದ ಆರು ರಾತ್ರಿಗೆ ಕೋಣಿ ಐತೇನು ಅಂತ ಬರದೀನಿ. ಜುಲೈದಾಗ ಸಂಬರಾ. ರಾಯರಿಗೂ ಕುಕ್ಕರಹಳ್ಳಿಯವರಿಗೂ ಭಾಳ ಧನ್ಯವಾದ.

ಬೇಲಿ ಚಕ್ಕನ ಕಥಿ ಅಪ್ಪಾರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮ್ಯಾಲೆ ಫೋನ್ ಹಿಡಕೊಂಡ ಎದ್ದು ಡೈರಿ ತಗದು ಓದಿದರು. ಮನಿ ಹಿಂದಿನ ಬೇಲಿಯೊಳಗ ಮೊದಲನೇ ಚಕ್: ಹೋದ ವರ್ಷ ಸೆಪ್ಟೆಂಬರ್ 19, ಅದರ ಹಿಂದಿನ ವರ್ಷ 23, ಅದರ ಹಿಂದ 17. "ಬರೂ ವರ್ಷ ಆ ತಾರೀಖಿಗೆ ನಾ ಇಲ್ಲಿ ಇರಂಗಿಲ್ಲಲ್ಲ, ಯಾರು ಬರೀತಾರ?" ಅಂದರು. ಬಾಜೂ ಮನಿ ಹುಡುಗಗ, ಎಂಟನೆತ್ತೆ ಇದ್ದಾನ, ಈಗಿಂದನ ಕಲಸಾಕತ್ತಾರ.

ಹಿತ್ತಲಹಕ್ಕಿ:

ಆ ಹುಡುಗನಿಗೆ ಒಂದು ಹೊಸ ಡೈರಿ ನನ್ನ ಲೆಕ್ಕದಲ್ಲಿ ಕೊಡಿಸಿ. ಲೆರ್ವಿಕ್‌ಗೆ ಬಂದಾಗ ಹಡಗುಕಟ್ಟೆಗೆ ನಾನೇ ಬರುತ್ತೇನೆ, ಟಿಂಗ್ವಾಲ್‌ಗೆ ಬಸ್ಸು ಹುಡುಕಬೇಡಿ. ಅಪ್ಪನಿಗೆ ಗಾಳಿ ಒಳಗೆ ನುಗ್ಗದ ಟೊಪ್ಪಿ ತೆಗೆದಿಟ್ಟಿರುತ್ತೇನೆ.